ಆಫೀಸಿಗೆ ಹೋಗಿಬರುವ ಸೈಕಲ್ಲನ್ನು ಅಳತೆ ಕೊಟ್ಟು ಮಾಡಿಸುವುದು ಹೇಗೆ?

ದಿನಾ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗಬೇಕೆಂದು ಹುರುಪಿನಿಂದ ಕೊಂಡ ಸೈಕಲ್ ಒಂದೇ ತಿಂಗಳಲ್ಲಿ ಬಾಲ್ಕನಿ ಸೇರುವುದು ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಕಾಣುವ ಸಂಗತಿ. ಯಾಕೆ ಬಿಟ್ಟಿರಿ ಎಂದು ಕೇಳಿದರೆ ಅಂಗೈ ಜೋಮು ಹಿಡಿಯುತ್ತೆ, ಕತ್ತು ಸೆಳೆಯುತ್ತೆ, ಮಂಡಿ ನೋಯುತ್ತೆ, ಕೂತಲ್ಲಿ ಉರಿ ಎನ್ನುತ್ತಾರೆ. ಅಭ್ಯಾಸವಾದರೆ ಸರಿಹೋಗುತ್ತದೆ ಎಂಬ ಸಮಾಧಾನದ ಮಾತು ಮೊದಲ ವಾರದ ಮೈಕೈ ನೋವಿಗೆ ಮಾತ್ರ ಸಲ್ಲುತ್ತದೆ. ಎರಡು ಮೂರು ವಾರ ಕಳೆದರೂ ಉಳಿಯುವ ನೋವು ಬಹುಪಾಲು ಅಳತೆಯ ತಪ್ಪಿನಿಂದ ಬಂದದ್ದು.

ಅಂಗಡಿಯ ಸೈಕಲ್ ರೆಡಿಮೇಡ್ ಅಂಗಿ ಇದ್ದಂತೆ. ಸಣ್ಣದು, ಮಧ್ಯಮ, ದೊಡ್ಡದು ಎಂಬ ಮೂರ್ನಾಲ್ಕು ಅಳತೆಗಳಲ್ಲಿ ಎಲ್ಲರನ್ನೂ ಹಿಡಿಸುವ ಪ್ರಯತ್ನ ಅದು. ಆದರೆ ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರ ಕಾಲು ಉದ್ದ, ಇನ್ನೊಬ್ಬರ ಮುಂಡ ಉದ್ದ. ಒಬ್ಬರು ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಹಾಕುತ್ತಾರೆ, ಇನ್ನೊಬ್ಬರು ಮಗುವನ್ನು ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಹೋಗುತ್ತಾರೆ. ಅಳತೆ ಕೊಟ್ಟು ಸೈಕಲ್ ಮಾಡಿಸುವುದೆಂದರೆ ಇವನ್ನೆಲ್ಲ ಮೊದಲು ಕಾಗದದ ಮೇಲೆ ಬರೆದು, ಆಮೇಲೆ ಕೊಳವೆ ಕತ್ತರಿಸುವುದು.

ಇದಕ್ಕೆ ಎರಡು ದಾರಿಗಳಿವೆ. ಸಿದ್ಧ ಫ್ರೇಮ್ ಕೊಂಡು ಸೀಟು, ಹ್ಯಾಂಡಲ್, ಸ್ಟೆಮ್ (ಹ್ಯಾಂಡಲ್ಲನ್ನು ಸೈಕಲ್ಲಿಗೆ ಹಿಡಿದಿಡುವ ತುಂಡು), ಟೈರು, ಗೇರುಗಳನ್ನು ನಿಮಗೆ ಬೇಕಾದಂತೆ ಆರಿಸಿ ಜೋಡಿಸುವುದು ಒಂದು. ಅದು ರೆಡಿಮೇಡ್ ಅಂಗಿಯನ್ನು ಆಲ್ಟರ್ ಮಾಡಿಸಿದ ಹಾಗೆ. ಫ್ರೇಮನ್ನೇ ಹೊಸದಾಗಿ ಬೆಸುಗೆ ಹಾಕಿಸುವುದು ಇನ್ನೊಂದು. ಬಹಳ ಜನಕ್ಕೆ ಮೊದಲನೆಯದೇ ಸಾಕು. ತುಂಬ ಕುಳ್ಳಗಿರುವವರಿಗೆ, ತುಂಬ ಉದ್ದವಿರುವವರಿಗೆ, ಅಡ್ಡಪಟ್ಟಿಯಿಲ್ಲದ ಗಟ್ಟಿ ಫ್ರೇಮ್ ಬೇಕಾದವರಿಗೆ ಎರಡನೆಯದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಲೆಕ್ಕ ಮಾತ್ರ ಎರಡಕ್ಕೂ ಒಂದೇ.

ಉದಾಹರಣೆಗೆ ಒಬ್ಬ ಸವಾರರನ್ನು ಇಟ್ಟುಕೊಳ್ಳೋಣ: 163 ಸೆಂ.ಮೀ. ಎತ್ತರ, 62 ಕೆ.ಜಿ. ತೂಕದ ಮಹಿಳೆ. ದಿನಾ 9 ಕಿ.ಮೀ. ಹೋಗಿ, 9 ಕಿ.ಮೀ. ಬರಬೇಕು. ಚೀಲ 6 ಕೆ.ಜಿ., ಸೈಕಲ್ 14 ಕೆ.ಜಿ. ಎಂದರೆ ಒಟ್ಟು 82 ಕೆ.ಜಿ.

ಕಪ್ಪು ಸೈಕಲ್ ಕಲಿಸುವ ಪಾಠ

ಮುಂದೆ ಹೋಗುವ ಮುನ್ನ ಅಜ್ಜನ ಕಾಲದ ಕಪ್ಪು ಸೈಕಲ್ಲನ್ನು ಒಮ್ಮೆ ನೆನೆಸಿಕೊಳ್ಳಿ. ಹಾಲು, ಅಂಚೆ, ಪೇಪರ್ ಎಲ್ಲವನ್ನೂ ಹೊತ್ತು ದಶಕಗಟ್ಟಲೆ ಓಡಿದ ಗಾಡಿ ಅದು. ಸುಮಾರು 40 ಮಿ.ಮೀ. ಅಗಲದ ಟೈರು, ಸ್ಪ್ರಿಂಗ್ ಸೀಟು, ಹಿಂದಕ್ಕೆ ಬಾಗಿದ ಹ್ಯಾಂಡಲ್, ಉದ್ದನೆಯ ಮಡ್‌ಗಾರ್ಡ್, ಚೈನ್ ಮುಚ್ಚುವ ಡಬ್ಬಿ, ಕ್ಯಾರಿಯರ್, ಸ್ಟ್ಯಾಂಡು. ನಿತ್ಯದ ಓಡಾಟಕ್ಕೆ ಬೇಕಾದ ಬಹುಪಾಲು ಸಂಗತಿಗಳು ಅದರಲ್ಲಿ ಆಗಲೇ ಇದ್ದವು. ಇಲ್ಲದಿದ್ದದ್ದು ಮೂರು: ಗೇರು, ಮಳೆಯಲ್ಲೂ ಹಿಡಿಯುವ ಬ್ರೇಕು, ಮತ್ತು ಸವಾರರ ಮೈಗೆ ಹೊಂದುವ ಅಳತೆ. ಫ್ರೇಮ್ ಹೆಚ್ಚಾಗಿ 22 ಅಥವಾ 24 ಇಂಚು. ಕಾಲು ಎಟುಕದ ಮಕ್ಕಳು ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತರು. ಅದೂ ಅಳತೆಯ ಸಮಸ್ಯೆಯೇ. ನಾವು ಮಾಡಿಸಬೇಕಾದ ಸೈಕಲ್ ಹೆಚ್ಚುಕಡಿಮೆ ಈ ಮೂರು ಕೊರತೆ ತುಂಬಿದ ಕಪ್ಪು ಸೈಕಲ್ಲೇ.

ಮೈ ತಾಗುವ ಮೂರು ಜಾಗ

ಸೈಕಲ್ಲಿಗೆ ನಮ್ಮ ಮೈ ತಾಗುವುದು ಸೀಟು, ಹ್ಯಾಂಡಲ್, ಪೆಡಲ್ ಈ ಮೂರು ಕಡೆ. ಈ ಮೂರು ಬಿಂದುಗಳು ಒಂದಕ್ಕೊಂದು ಎಷ್ಟು ದೂರ, ಎಷ್ಟು ಎತ್ತರದಲ್ಲಿವೆ ಎಂಬುದರ ಮೇಲೆ ಸುಖವೆಲ್ಲ ನಿಂತಿದೆ. ಫ್ರೇಮ್ ಈ ಬಿಂದುಗಳನ್ನು ಅವುಗಳ ಜಾಗದಲ್ಲಿ ಹಿಡಿದಿಡುವ ಚೌಕಟ್ಟು. ಹಾಗಾಗಿ ಅದು ಕೊನೆಗೆ ತೀರ್ಮಾನವಾಗಬೇಕಾದದ್ದು. ನಾವೋ ಫ್ರೇಮ್ ನೋಡಿ ಮರುಳಾಗಿ ಅಲ್ಲಿಂದಲೇ ಶುರುಮಾಡುತ್ತೇವೆ.

ಮೊದಲ ಅಳತೆ ಒಳಗಾಲಿನದು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು, ಪಾದಗಳ ನಡುವೆ ಒಂದು ಗೇಣಿಗಿಂತ ಕಡಿಮೆ ಜಾಗ ಬಿಟ್ಟು ನಿಲ್ಲಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಸಂದಿಗೆ ಕೊಟ್ಟು, ಸೀಟಿನ ಮೇಲೆ ಕೂತಾಗ ಆಗುವಷ್ಟೇ ಒತ್ತಡ ಬರುವವರೆಗೆ ಮೇಲಕ್ಕೆಳೆಯಿರಿ. ಪುಸ್ತಕದ ಒಂದು ಅಂಚು ಉದ್ದಕ್ಕೂ ಗೋಡೆಗೆ ಅಂಟಿರಲಿ, ಆಗ ಮೇಲಂಚು ತಾನಾಗಿ ಮಟ್ಟಸವಾಗಿರುತ್ತದೆ. ಅಲ್ಲಿ ಪೆನ್ಸಿಲ್ ಗೆರೆ ಎಳೆದು ನೆಲದಿಂದ ಅಳೆಯಿರಿ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಇಲ್ಲಿ 1 ಸೆಂ.ಮೀ. ತಪ್ಪಿದರೆ ಸೀಟಿನ ಎತ್ತರ ಸುಮಾರು 9 ಮಿ.ಮೀ. ತಪ್ಪುತ್ತದೆ, ಮಂಡಿಗೆ ಅಷ್ಟು ಗೊತ್ತಾಗುತ್ತದೆ.

ಆ ಅಳತೆಯನ್ನು 0.883ರಿಂದ ಗುಣಿಸಿದರೆ ಪೆಡಲ್ ಅಚ್ಚಿನ (ಎರಡೂ ಪೆಡಲ್ ತೋಳುಗಳು ಕೂಡುವ, ಫ್ರೇಮಿನ ತಳದಲ್ಲಿರುವ ಅಚ್ಚು) ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸಿಗುತ್ತದೆ. ರೇಸ್ ಸವಾರರಲ್ಲಿ ಬಳಕೆಯಲ್ಲಿರುವ ಸೂತ್ರ ಇದು. ನಮ್ಮ ಸವಾರರ ಒಳಗಾಲು 75 ಸೆಂ.ಮೀ. ಎಂದುಕೊಂಡರೆ 66.2 ಸೆಂ.ಮೀ. ಬರುತ್ತದೆ. ನಿಂತು ನಿಂತು ಹೋಗುವ ಊರ ಸವಾರಿಗೆ 1 ಸೆಂ.ಮೀ. ಇಳಿಸಿ 65 ಎಂದು ಹಿಡಿಯಬಹುದು. ಸರಿಯಾಗಿದೆಯೇ ಎಂದು ನೋಡಲು ಪೆಡಲ್ ತೀರಾ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೇರವಾದರೆ ಸಾಕು, ಸೊಂಟ ವಾಲಬಾರದು. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗು, ಹಿಂಭಾಗ ನೋಯುತ್ತಿದ್ದರೆ ಎತ್ತರ.

ಇಲ್ಲೊಂದು ಬೇರುಬಿಟ್ಟ ತಪ್ಪು ನಂಬಿಕೆಯಿದೆ: ಸೀಟಿನ ಮೇಲೆ ಕೂತಿರುವಾಗ ಎರಡೂ ಪಾದ ನೆಲಕ್ಕೆ ತಾಗಬೇಕು ಎಂಬುದು. ಲೆಕ್ಕ ಹಾಕಿ ನೋಡಿ. ಪೆಡಲ್ ಅಚ್ಚು ನೆಲದಿಂದ 27.5 ಸೆಂ.ಮೀ. ಮೇಲಿರುತ್ತದೆ. ಸೀಟಿನ ಕೊಳವೆ ನೆಲಕ್ಕೆ 72 ಡಿಗ್ರಿ ಕೋನದಲ್ಲಿದ್ದರೆ 65 ಸೆಂ.ಮೀ. ಉದ್ದಕ್ಕೆ ನೇರ ಎತ್ತರ 61.8. ಒಟ್ಟು 89 ಸೆಂ.ಮೀ. ಚಿಲ್ಲರೆ. ಕಾಲು 75. ಉಳಿದ 14 ಸೆಂ.ಮೀ. ಎಲ್ಲಿಂದ ಬರಬೇಕು? ಪಾದ ಊರಲೆಂದು ಸೀಟನ್ನು ಅಷ್ಟು ಇಳಿಸಿದರೆ ಪ್ರತಿ ತುಳಿತಕ್ಕೂ ಮಂಡಿ ಬೈಠಕ್ ಹೊಡೆದಷ್ಟು ಮಡಚುತ್ತದೆ. ಸಿಗ್ನಲ್ಲಿನಲ್ಲಿ ಸೀಟಿನಿಂದ ಮುಂದಕ್ಕೆ ಜಾರಿ ಇಳಿದು ನಿಲ್ಲುವುದೇ ಸರಿಯಾದ ಕ್ರಮ. ಅಡ್ಡಪಟ್ಟಿ ತಗ್ಗಾಗಿರುವ ಫ್ರೇಮ್ ಇದ್ದರೆ ಅದು ಇನ್ನೂ ಸಲೀಸು.

ಮೆತ್ತಗಿದ್ದಷ್ಟೂ ನೋಯಿಸುವ ಸೀಟು

ಕೂತಾಗ ಭಾರ ಹೊರಬೇಕಾದವು ಪೃಷ್ಠದ ಎರಡು ಎಲುಬಿನ ತುದಿಗಳು. ಸೀಟು ದಪ್ಪ ಸ್ಪಂಜಿನದಾದರೆ ಎಲುಬು ಒಳಗಿಳಿದು, ನಡುವಿನ ಮೆದು ಭಾಗ ಉಬ್ಬಿ ನರಗಳನ್ನು ಒತ್ತುತ್ತದೆ. ಜೆಲ್ ಕವರ್ ಹಾಕಿದ ಮೇಲೂ ಜೋಮು ಹಿಡಿಯುವುದು ಇದಕ್ಕೇ. ಆ ಎಲುಬುಗಳ ಅಂತರ ತಿಳಿಯಲು ಗಟ್ಟಿ ಮಣೆಯ ಮೇಲೆ ಸುಕ್ಕುರಟ್ಟು ಹಾಸಿ, ಬೆನ್ನು ನೆಟ್ಟಗೆ ಮಾಡಿ ಒಂದು ನಿಮಿಷ ಕೂರಿ. ಎದ್ದಮೇಲೆ ಎರಡು ಗುಳಿ ಕಾಣುತ್ತವೆ. ಅವುಗಳ ನಡುವಿನ ಅಂತರ 12.5 ಸೆಂ.ಮೀ. ಇದ್ದರೆ, ನೆಟ್ಟಗೆ ಕೂರುವ ಭಂಗಿಗೆ 3ರಿಂದ 4 ಸೆಂ.ಮೀ. ಸೇರಿಸಿ 16 ಸೆಂ.ಮೀ. ಆಸುಪಾಸಿನ ಸೀಟು ಹುಡುಕಿ. ಬಗ್ಗಿ ಓಡಿಸುವವರಿಗೆ ಇಷ್ಟು ಅಗಲ ಬೇಡ, ತೊಡೆಗೆ ಉಜ್ಜುತ್ತದೆ.

ಸೀಟನ್ನು ಮಟ್ಟಸವಾಗಿ ಕೂರಿಸಿ. ಮೂತಿ ಕೆಳಗೆ ವಾಲಿದರೆ ಹಾಯೆನಿಸೀತು ಎಂದುಕೊಂಡು ಹಾಗೆ ಮಾಡುವವರಿದ್ದಾರೆ. ಆಗ ಮೈ ಮುಂದಕ್ಕೆ ಜಾರುತ್ತಲೇ ಇರುತ್ತದೆ, ಅದನ್ನು ತಡೆಯುವ ಕೆಲಸ ಅಂಗೈಗೆ ಬೀಳುತ್ತದೆ. ಕಿರುಬೆರಳು, ಉಂಗುರ ಬೆರಳು ಮರಗಟ್ಟುತ್ತಿದ್ದರೆ ಹ್ಯಾಂಡಲ್ ಬದಲಿಸುವ ಮುಂಚೆ ಸೀಟಿನ ಮೂತಿ ನೋಡಿ.

ಹ್ಯಾಂಡಲ್: ಎತ್ತರ, ದೂರ, ಬಾಗು

ಊರೊಳಗಿನ ಸವಾರಿಗೆ ಹಿಡಿ ಸೀಟಿಗಿಂತ 3ರಿಂದ 5 ಸೆಂ.ಮೀ. ಮೇಲಿದ್ದರೆ ಒಳ್ಳೆಯದು. ಬೆನ್ನು ನೆಲಕ್ಕೆ 60ರಿಂದ 70 ಡಿಗ್ರಿ ಕೋನದಲ್ಲಿ ನಿಲ್ಲುತ್ತದೆ, ಕತ್ತೆತ್ತದೆ ವಾಹನಗಳ ಸಾಲು ಕಾಣುತ್ತದೆ. ಪೂರ್ತಿ ನೆಟ್ಟಗೆ ಕೂತರೆ ಗುಂಡಿಯ ಪೆಟ್ಟು ಸೀದಾ ಬೆನ್ನುಮೂಳೆಗೆ ಬಡಿಯುತ್ತದೆ, ಎದುರುಗಾಳಿಯೂ ಕಾಡುತ್ತದೆ. ಕೊಂಚ ಬಾಗಿದ ಬೆನ್ನು ತಾನೇ ಒಂದು ಸ್ಪ್ರಿಂಗು.

ಕೈ ಸಡಿಲ ಬಿಟ್ಟು ನಿಂತು ಮುಂಗೈ ಎತ್ತಿ ನೋಡಿಕೊಳ್ಳಿ. ಮುಷ್ಟಿಗಳು ಒಂದಕ್ಕೊಂದು ಮುಖ ಮಾಡಿ ಓರೆಯಾಗಿ ನಿಂತಿರುತ್ತವೆ. ನೇರ ಕೋಲಿನಂಥ ಹ್ಯಾಂಡಲ್ ಮಣಿಕಟ್ಟನ್ನು ಆ ಸಹಜ ಭಂಗಿಯಿಂದ ತಿರುಚುತ್ತದೆ. 30ರಿಂದ 45 ಡಿಗ್ರಿ ಹಿಂದಕ್ಕೆ ಬಾಗಿದ ಹ್ಯಾಂಡಲ್ ಈ ತಿರುಚಾಟವನ್ನು ತಪ್ಪಿಸುತ್ತದೆ. ಆದರೆ ಬಾಗಿದ ಹ್ಯಾಂಡಲ್ ಹಿಡಿಯನ್ನು ಸವಾರರ ಕಡೆಗೆ ತರುವುದರಿಂದ ಫ್ರೇಮನ್ನು ಅಷ್ಟು ಉದ್ದ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಹಿಡಿ ಮಂಡಿಗೆ ಹೊಡೆಯುತ್ತದೆ. ಸಿದ್ಧ ಫ್ರೇಮಿಗೆ ಇಂಥ ಹ್ಯಾಂಡಲ್ ಹಾಕಿ ಕೈಸುಟ್ಟುಕೊಳ್ಳುವವರು ಎಡವುವುದು ಇಲ್ಲೇ.

ದೂರವನ್ನು ಸೂತ್ರದಿಂದ ಕಟ್ಟುವುದಕ್ಕಿಂತ ಕೈಯಲ್ಲಿರುವ ಯಾವುದಾದರೂ ಸೈಕಲ್ಲಿನ ಮೇಲೆ ಪ್ರಯೋಗ ಮಾಡಿ ಕಂಡುಕೊಳ್ಳುವುದು ಮೇಲು. ಸೀಟನ್ನು ಹಿಂದೆ ಮುಂದೆ ಸರಿಸಿ, ಸ್ಟೆಮ್ ಬದಲಿಸಿ, ಒಂದು ವಾರ ಓಡಿಸಿ. ಹೊಂದಿದ ಮೇಲೆ ನಾಲ್ಕು ಅಳತೆ ಬರೆದಿಡಿ: ಪೆಡಲ್ ಅಚ್ಚಿನಿಂದ ಸೀಟಿನ ಮೇಲ್ಭಾಗ, ಸೀಟಿನ ಮೂತಿಯಿಂದ ನಟ್ ಕಟ್ಟಿದ ದಾರ ಇಳಿಬಿಟ್ಟಾಗ ಆ ದಾರ ಪೆಡಲ್ ಅಚ್ಚಿನಿಂದ ಎಷ್ಟು ಹಿಂದೆ ಇದೆ, ಮೂತಿಯಿಂದ ಹಿಡಿಯ ನಡುವಿಗೆ ಎಷ್ಟು, ಹಿಡಿ ಸೀಟಿಗಿಂತ ಎಷ್ಟು ಮೇಲೆ. ಫ್ರೇಮ್ ಮಾಡುವವರಿಗೆ ನಿಮ್ಮ ಎತ್ತರಕ್ಕಿಂತ ಈ ನಾಲ್ಕು ಅಂಕಿಗಳು ಹೆಚ್ಚು ಹೇಳುತ್ತವೆ.

ಗುಂಡಿಗೆ ಮದ್ದು ಟೈರಿನಲ್ಲಿದೆ

ಹಂಪು, ಗುಂಡಿ, ಅಗೆದು ಮುಚ್ಚಿದ ಕೇಬಲ್ ಹಾದಿಗಳಿಗೆ ಹೆದರಿ ಮುಂದೆ ಶಾಕ್ ಅಬ್ಸಾರ್ಬರ್ ಇರುವ ಸೈಕಲ್ ಕೊಳ್ಳುವವರು ಬಹಳ. ಅಗ್ಗದ ಶಾಕ್‌ಗಳು ಎರಡು ಕೆ.ಜಿ. ದಾಟಿ ತೂಗುತ್ತವೆ, ಸಣ್ಣ ಅದುರುವಿಕೆಗೆ ಮಿಸುಕುವುದಿಲ್ಲ, ಒಂದೆರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಬಿಗಿಯುತ್ತವೆ. ಅದೇ ಕೆಲಸವನ್ನು ಅಗಲ ಟೈರಿನ ಗಾಳಿ ಚೆನ್ನಾಗಿ ಮಾಡುತ್ತದೆ.

ಟೈರಿನ ಪಕ್ಕದಲ್ಲಿ 47-584 ಎಂಬಂಥ ಅಂಕಿಗಳಿರುತ್ತವೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ಅದು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 28 ಇಂಚು, 27.5 ಇಂಚು ಎಂಬ ಹೆಸರುಗಳು ಗೊಂದಲಕ್ಕೆ ದಾರಿ. ಹಳೇ ಕಪ್ಪು ಸೈಕಲ್ಲಿನ 28 ಇಂಚಿನ ರಿಮ್ಮು 635, ಇಂದಿನ ಹೈಬ್ರಿಡ್ಡಿನ 28 ಇಂಚಿನದು 622. ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ಈ ಸಣ್ಣ ಅಂಕಿಗಳನ್ನೇ ನೋಡಿ ಕೊಳ್ಳಿ.

ನಮ್ಮ ಸವಾರರಿಗೆ 584ರ ರಿಮ್ಮಿನ ಮೇಲೆ 47 ಮಿ.ಮೀ. ಟೈರು ಹೊಂದುತ್ತದೆ. ಹೊರ ವ್ಯಾಸ 678 ಮಿ.ಮೀ.; 622ರ ಮೇಲೆ 28 ಮಿ.ಮೀ. ಟೈರು ಹಾಕಿದರೂ ಅಷ್ಟೇ. ಅಂದರೆ ಚಕ್ರ ದೊಡ್ಡದಾಗದೆ ಗಾಳಿ ಹೆಚ್ಚಾಯಿತು. 27.5 ಇಂಚಿನ ಎಂ.ಟಿ.ಬಿ. ಮಾರುವ ಅಂಗಡಿಯಲ್ಲೆಲ್ಲ ಇದಕ್ಕೆ ಟ್ಯೂಬ್ ಸಿಗುತ್ತದೆ. ಗಾಳಿ ಹಿಂದೆ 35, ಮುಂದೆ 30 ಪಿ.ಎಸ್.ಐ.ಯಿಂದ ಶುರುಮಾಡಿ. ಕಲ್ಲಿನಂತೆ ತುಂಬಿದರೆ ವೇಗ ಹೆಚ್ಚುತ್ತದೆ ಎಂಬುದು ನುಣುಪು ರಸ್ತೆಗೆ ಮಾತ್ರ ನಿಜ. ಒರಟು ರಸ್ತೆಯಲ್ಲಿ ಕುಪ್ಪಳಿಸುವ ಪ್ರತಿಸಲವೂ ನಿಮ್ಮ ಶ್ರಮದಲ್ಲಿ ಒಂದು ಪಾಲು ಸೋರಿಹೋಗುತ್ತದೆ. ತೀರಾ ಕಡಿಮೆಯಾದರೆ ಗುಂಡಿಯ ಅಂಚಿಗೆ ರಿಮ್ಮು ಬಡಿದು ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಪಂಕ್ಚರ್ ಹಾಕಿಸುವಾಗ ಜೋಡಿ ತೂತು ಕಂಡರೆ 5 ಪಿ.ಎಸ್.ಐ. ಏರಿಸಿ. ಬಳ್ಳಾರಿ ಜಾಲಿ ಬೆಳೆದಿರುವ ರಾಯಚೂರು, ಬಳ್ಳಾರಿ ಕಡೆಯವರು ಮುಳ್ಳು ತಡೆಯುವ ದಪ್ಪ ಪದರದ ಟೈರಿಗೆ ಹೋಗಲೇಬೇಕು, ಓಟ ಕೊಂಚ ಭಾರವಾದರೂ ಸರಿ.

ಫ್ರೇಮಿನ ಗೆರೆಗಳು

ಈಗ ಫ್ರೇಮ್. ಮೊದಲು ನೋಡಬೇಕಾದದ್ದು ಶೂ ತುದಿ ಮುಂದಿನ ಚಕ್ರಕ್ಕೆ ತಾಗದಿರುವುದನ್ನು. ನಿಧಾನವಾಗಿ ತಿರುಗಿಸುವಾಗ ಶೂ ಮಡ್‌ಗಾರ್ಡಿಗೆ ಸಿಕ್ಕರೆ ಬೀಳುವುದೇ. ಕೂಡಿಸಿ ನೋಡಿ: ಕ್ರ್ಯಾಂಕ್ (ಪೆಡಲ್ ತೋಳು) 165, ಪೆಡಲ್ ನಡುವಿನಿಂದ ಶೂ ತುದಿಗೆ 90, ಚಕ್ರದ ಅರ್ಧವ್ಯಾಸ 339, ಮಡ್‌ಗಾರ್ಡಿಗೆ 12. ಒಟ್ಟು 606 ಮಿ.ಮೀ. ಹಾಗಾಗಿ ಪೆಡಲ್ ಅಚ್ಚಿನಿಂದ ಮುಂದಿನ ಚಕ್ರದ ಅಚ್ಚಿಗೆ 610 ಇರಲಿ. ದೊಡ್ಡ ಚಕ್ರ, 170ರ ಕ್ರ್ಯಾಂಕ್ ಹಾಕಿದ ಸಣ್ಣ ಫ್ರೇಮುಗಳಲ್ಲಿ ಈ ಲೆಕ್ಕ ತಪ್ಪಿರುವುದು ಮಾಮೂಲು.

ಹ್ಯಾಂಡಲ್ ಗಾಂಭೀರ್ಯದಿಂದ ತಿರುಗುತ್ತದೋ, ಚಂಚಲವೋ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಟ್ರೇಲ್ ಎಂಬ ಅಳತೆ. ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿಯಲ್ಲಿ ಮುಂದಿನ ಚಿಕ್ಕ ಚಕ್ರ ತನ್ನ ತಿರುಗುಣಿಯ ಹಿಂದೆ ಎಳೆದುಕೊಂಡು ಬರುತ್ತದಲ್ಲ, ಸೈಕಲ್ಲಿನಲ್ಲೂ ಹಾಗೇ. ಹ್ಯಾಂಡಲ್ ತಿರುಗುವ ಗೆರೆಯನ್ನು ನೆಲದವರೆಗೆ ಚಾಚಿದರೆ, ಟೈರು ನೆಲ ಮುಟ್ಟುವ ಜಾಗ ಅದಕ್ಕಿಂತ ಹಿಂದಿರುತ್ತದೆ. ಆ ಅಂತರವೇ ಟ್ರೇಲ್. ಹ್ಯಾಂಡಲ್ ಕೂರುವ ಮುಂಕೊಳವೆ ನೆಲಕ್ಕೆ 71 ಡಿಗ್ರಿ, ಫೋರ್ಕಿನ (ಮುಂದಿನ ಚಕ್ರ ಹಿಡಿಯುವ ಕವಲಿನ) ಮುಂಬಾಗು 52 ಮಿ.ಮೀ. ಇದ್ದರೆ ನಮ್ಮ ಚಕ್ರಕ್ಕೆ ಟ್ರೇಲ್ ಸುಮಾರು 62 ಮಿ.ಮೀ. ಬರುತ್ತದೆ. ನಿತ್ಯದ ಓಡಾಟಕ್ಕೆ ಹದವಾದ ಅಂಕಿ. ಬಹಳ ಕಡಿಮೆಯಾದರೆ ವೇಗದಲ್ಲಿ ಹ್ಯಾಂಡಲ್ ಅಲ್ಲಾಡಿದಂತೆ, ಬಹಳ ಹೆಚ್ಚಾದರೆ ಟ್ರಾಫಿಕ್ಕಿನ ಸಂದಿಯಲ್ಲಿ ನುಸುಳುವಾಗ ವಾಲಿದಂತೆ ಅನಿಸುತ್ತದೆ.

ಹಿಂದಿನ ಭಾಗದಲ್ಲಿ ಪೆಡಲ್ ಅಚ್ಚಿನಿಂದ ಚಕ್ರದ ಅಚ್ಚಿಗೆ 450 ಮಿ.ಮೀ. ಇದ್ದರೆ ಕ್ಯಾರಿಯರ್ ಚೀಲಕ್ಕೆ ಹಿಮ್ಮಡಿ ಬಡಿಯುವುದಿಲ್ಲ. ಸೀರೆ, ಪಂಚೆ, ಚೂಡಿದಾರ ಏನೇ ಉಟ್ಟರೂ ಹತ್ತಿಳಿಯಲು ತಗ್ಗಿದ ಫ್ರೇಮ್ ಅನುಕೂಲ. ಲೇಡೀಸ್ ಸೈಕಲ್ ಎಂದು ಅದನ್ನು ಪಕ್ಕಕ್ಕಿಡುವುದು ಸರಿಯಲ್ಲ, ಸೊಂಟ ನೋವಿರುವ ಗಂಡಸರಿಗೂ, ಹಿಂದೆ ಮಗುವನ್ನು ಕೂರಿಸಿಕೊಳ್ಳುವವರಿಗೂ ಅದೇ ಕ್ಷೇಮ. ಒಂದೇ ತೊಂದರೆ, ಮೇಲಿನ ಪಟ್ಟಿ ಇಲ್ಲದ್ದರಿಂದ ಭಾರ ಹೊತ್ತಾಗ ಫ್ರೇಮ್ ತಿರುಚುತ್ತದೆ. ಕೆಳಕೊಳವೆಯನ್ನು ದಪ್ಪ ಮಾಡಿಸಬೇಕು, ಇಲ್ಲವೇ ಮುಂಕೊಳವೆಯಿಂದ ಹಿಂದಿನ ಅಚ್ಚಿನವರೆಗೆ ಎರಡು ಸಣ್ಣ ಕೊಳವೆಗಳನ್ನು ಓಡಿಸಬೇಕು.

ಲೋಹ ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ) ಉಕ್ಕು ಇರಲಿ. ಅಲ್ಯೂಮಿನಿಯಂಗಿಂತ ತೂಕ ಹೆಚ್ಚು, ಆದರೆ ಬಿರುಕು ಬಿಟ್ಟರೆ ಬೆಸುಗೆ ಬಲ್ಲ ಕೈ ಸರಿಮಾಡಬಲ್ಲದು. ಅಲ್ಯೂಮಿನಿಯಂ ಫ್ರೇಮಿನ ಬೆಸುಗೆಗೆ ಆಮೇಲೆ ಶಾಖದ ಉಪಚಾರವೂ ಬೇಕಾಗುತ್ತದೆ.

ಗೇರು: ಬೆಂಗಳೂರಿಗೆ ಒಂದು, ಮಂಗಳೂರಿಗೆ ಇನ್ನೊಂದು

ಗೇರಿನ ಕೆಲಸ ವೇಗ ಕೊಡುವುದು ಎಂದುಕೊಂಡರೆ ಅರ್ಧ ಅರ್ಥವಾದಂತೆ. ದಾರಿ ಏರಲಿ ಇಳಿಯಲಿ, ನಿಮಿಷಕ್ಕೆ 60–70 ಸುತ್ತಿನ ಒಂದೇ ಹದದಲ್ಲಿ ಕಾಲು ತಿರುಗುವಂತೆ ನೋಡಿಕೊಳ್ಳುವುದು ಅದರ ಮುಖ್ಯ ಕೆಲಸ. ಬೆಂಗಳೂರು ದಿಣ್ಣೆ, ಕಣಿವೆಗಳ ಊರು. ಕೆರೆಯ ತಗ್ಗಿಗೆ ಇಳಿದಿರೆಂದರೆ ಮತ್ತೆ ಏರಲೇಬೇಕು. 100 ಮೀಟರಿಗೆ 5 ಮೀಟರ್ ಏರುವ ರಸ್ತೆಯಲ್ಲಿ ನಮ್ಮ 82 ಕೆ.ಜಿ. ಗಂಟೆಗೆ 8.5 ಕಿ.ಮೀ. ವೇಗದಲ್ಲಿ ಹೋಗಲು ಸುಮಾರು 115 ವಾಟ್ ಶಕ್ತಿ ಬೇಕು. ಮುಂದೆ 44, ಹಿಂದೆ 18 ಹಲ್ಲಿನ ಒಂದೇ ಗೇರಿನ ಸೈಕಲ್ಲಾದರೆ ಆ ವೇಗಕ್ಕೆ ನಿಮಿಷಕ್ಕೆ 27 ಸುತ್ತು ಮಾತ್ರ ಕಾಲು ತಿರುಗುತ್ತದೆ, ಪೆಡಲ್ ಮೇಲಿನ ಸರಾಸರಿ ಒತ್ತಡ 25 ಕೆ.ಜಿ.ಯಷ್ಟು. ಮುಂದೆ 38, ಹಿಂದೆ 34 ಹಾಕಿದರೆ ಅದೇ ವೇಗಕ್ಕೆ 60 ಸುತ್ತು, ಒತ್ತಡ 11 ಕೆ.ಜಿ. ದುಡಿಮೆ ಒಂದೇ, ಮಂಡಿಯ ಮೇಲಿನ ಹೊರೆ ಅರ್ಧಕ್ಕಿಂತ ಕಡಿಮೆ. ಬೆವರೂ ಕಡಿಮೆ ಅನಿಸಬೇಕಾದರೆ ಇನ್ನೂ ನಿಧಾನಿಸಿ, ಗೇರು ಅದಕ್ಕೆ ಅವಕಾಶ ಕೊಡುತ್ತದೆ.

ಮುಂದೆ ಒಂದೇ 38 ಹಲ್ಲಿನ ಚಕ್ರ, ಹಿಂದೆ 11ರಿಂದ 34 ಹಲ್ಲಿನವರೆಗಿನ ಚಕ್ರಗಳ ಗುಚ್ಛ ಸಾಕು. ಅತಿ ಭಾರದ ಗೇರಿನಲ್ಲಿ 70 ಸುತ್ತಿಗೆ ಗಂಟೆಗೆ ಸುಮಾರು 31 ಕಿ.ಮೀ. ಮುಂದೆಯೂ ಮೂರು ಗೇರಿರುವ 21 ಗೇರಿನ ಸೈಕಲ್ಲಿನಲ್ಲಿ ಬಹಳಷ್ಟು ಜೋಡಿಗಳು ಒಂದನ್ನೊಂದು ಹೋಲುತ್ತವೆ, ಕೆಡುವ ಭಾಗ ಮಾತ್ರ ಹೆಚ್ಚು.

ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಸುರಿಯುವ ಮಂಗಳೂರಿನ ಕಥೆ ಬೇರೆ. ಹೊರಗೆ ತೆರೆದಿರುವ ಚೈನು, ಅದನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೈಲರ್ ಅಲ್ಲಿ ಮರಳು, ಕೆಸರು ತಿಂದು ಸವೆಯುತ್ತವೆ. ಚಕ್ರದ ನಡುವಿನ ಗುಂಬವಾದ ಹಬ್ಬಿನ ಒಳಗೇ ಗೇರುಗಳಿರುವ ವ್ಯವಸ್ಥೆ ಹಾಕಿಸಿ, ಚೈನನ್ನು ಪೂರ್ತಿ ಡಬ್ಬಿಯಲ್ಲಿ ಮುಚ್ಚಿದರೆ ತಿಂಗಳುಗಟ್ಟಲೆ ಮುಟ್ಟಬೇಕಿಲ್ಲ. ಶಿಮಾನೋದ 8 ಗೇರಿನ ನೆಕ್ಸಸ್ ಹಬ್ಬಿನ ವ್ಯಾಪ್ತಿ (ಅತಿ ಹಗುರ ಗೇರಿಗೆ ಹೋಲಿಸಿದರೆ ಅತಿ ಭಾರದ ಗೇರು) 307 ಶೇಕಡಾ, ನಮ್ಮ 11–34ರದು 309. ಹೆಚ್ಚುಕಡಿಮೆ ಒಂದೇ. ಆದರೆ ಹಿಂದಿನ ಚಕ್ರ ಬಿಚ್ಚುವುದು ಕಷ್ಟ, ರಸ್ತೆಬದಿಯ ಪಂಕ್ಚರ್ ಅಂಗಡಿಯವರಿಗೆ ಅದು ಹೊಸದು. ಜೊತೆಗೆ ಚೈನ್ ಬಿಗಿಮಾಡಲು ಹಿಂದಿನ ಅಚ್ಚು ಸರಿದಾಡುವಂಥ ಕೊಂಡಿ ಫ್ರೇಮಿನಲ್ಲೇ ಇರಬೇಕು. ಅದನ್ನು ಮೊದಲೇ ಹೇಳಬೇಕು.

ಬೆಸುಗೆಗೆ ಮೊದಲೇ ಕೇಳಬೇಕಾದವು

ಮಳೆಯಲ್ಲಿ ರಿಮ್ಮಿಗೆ ಒತ್ತುವ ಬ್ರೇಕು ಮೊದಲ ಕೆಲವು ಸುತ್ತು ನೀರನ್ನಷ್ಟೇ ಒರೆಸುತ್ತದೆ, ಆಮೇಲೆ ಹಿಡಿಯುತ್ತದೆ. 160 ಮಿ.ಮೀ. ಡಿಸ್ಕ್ ಹಾಕುವುದಾದರೆ ಅದರ ಕೊಂಡಿ ಫ್ರೇಮಿಗೂ ಫೋರ್ಕಿಗೂ ಬೇಕು, ಹಿಂದಿನ ಅಚ್ಚಿಗೆ 135 ಮಿ.ಮೀ. ಜಾಗ ಬೇಕು. ಕ್ಯಾರಿಯರ್ ಮತ್ತು ಮಡ್‌ಗಾರ್ಡಿಗೆ ಬೇರೆ ಬೇರೆ ತೂತುಗಳು ಬೇಕು. ಎರಡನ್ನೂ ಒಂದೇ ಬೋಲ್ಟಿಗೆ ನೇತುಹಾಕಿದರೆ ಅದು ಸಡಿಲವಾಗುತ್ತಲೇ ಇರುತ್ತದೆ. ಸ್ಟ್ಯಾಂಡಿಗೆ ಬೆಸೆದ ತಟ್ಟೆ ಕೇಳಿ, ಕೊಳವೆಯನ್ನು ಅಪ್ಪಿ ಬಿಗಿಯುವ ಸ್ಟ್ಯಾಂಡು ತೆಳುಕೊಳವೆಯನ್ನು ಚಪ್ಪಟೆ ಮಾಡುತ್ತದೆ. ಪೆಡಲ್ ಅಚ್ಚಿನ ಡಬ್ಬಿ ಒಳಗೆ ತಿರುಪಿನ ಮರೆ ಇರುವ 68 ಮಿ.ಮೀ.ಯದೇ ಇರಲಿ, ಅದರ ಬೇರಿಂಗ್ ಎಲ್ಲ ಕಡೆ ಸಿಗುತ್ತದೆ. ಆ ಡಬ್ಬಿಯ ಅಡಿಯಲ್ಲಿ 4 ಮಿ.ಮೀ. ತೂತು ಕೊರೆಸಿ: ಸೀಟಿನ ಕೊಳವೆಯಿಂದ ಇಳಿದ ಮಳೆನೀರು ಅಲ್ಲೇ ನಿಂತು ಉಕ್ಕನ್ನು ಒಳಗಿನಿಂದ ತಿನ್ನುತ್ತದೆ, ಹೊರಗೆ ಬಣ್ಣ ಉಬ್ಬುವವರೆಗೂ ಗೊತ್ತೇ ಆಗುವುದಿಲ್ಲ.

ಸೆರಗು, ದುಪಟ್ಟಾ ಹಿಂಚಕ್ರಕ್ಕೆ ಸಿಕ್ಕದಂತೆ ಎರಡೂ ಪಕ್ಕ ಬಲೆಯ ಮುಚ್ಚಳ ಕಟ್ಟಲು ಮಡ್‌ಗಾರ್ಡಿನ ಅಂಚಿನಲ್ಲಿ ಸಣ್ಣ ತೂತುಗಳ ಸಾಲು ಸಾಕು. ಬೆಳಕಿಗೆ ಮುಂದಿನ ಹಬ್ಬಿನಲ್ಲಿ 6 ವೋಲ್ಟ್, 3 ವಾಟಿನ ಡೈನಮೋ ಹಾಕಿಸಿದರೆ ಚಾರ್ಜ್ ಮಾಡುವ ನೆನಪು ಇಟ್ಟುಕೊಳ್ಳಬೇಕಿಲ್ಲ. ಟೈರಿಗೆ ಉಜ್ಜುತ್ತಿದ್ದ ಹಳೇ ಬಾಟಲ್ ಡೈನಮೋದಂತೆ ಇದು ಮಳೆಗೆ ಜಾರುವುದಿಲ್ಲ, ಕಿರುಗುಡುವುದೂ ಇಲ್ಲ.

ಬಣ್ಣ ಬಳಿಯುವ ಮುಂಚೆ

ಬರಿ ಲೋಹದ ಫ್ರೇಮಿಗೇ ಚಕ್ರ, ಮಡ್‌ಗಾರ್ಡ್, ಕ್ಯಾರಿಯರ್, ಸೀಟು, ಹ್ಯಾಂಡಲ್ ಎಲ್ಲ ಒಮ್ಮೆ ಜೋಡಿಸಿ ನೋಡಲು ಹೇಳಿ. ದಿನಾ ಹಾಕುವ ಶೂ, ದಿನಾ ಒಯ್ಯುವ ಚೀಲ ತೆಗೆದುಕೊಂಡು ಹೋಗಿ. ಕೂತು ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಶೂ ತಾಗುತ್ತದೆಯೇ, ಹಿಡಿ ಮಂಡಿಗೆ ಬರುತ್ತದೆಯೇ ನೋಡಿ. ಪೆಡಲ್ ಹಿಂದಕ್ಕೆ ಸುತ್ತಿಸಿ ಹಿಮ್ಮಡಿ ಚೀಲಕ್ಕೆ ತಾಗುತ್ತದೆಯೇ ನೋಡಿ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕಿರುಬೆರಳು ತೂರುವಷ್ಟು ಜಾಗ ಸುತ್ತಲೂ ಇರಬೇಕು, ಇಲ್ಲದಿದ್ದರೆ ಕೆಸರು ಮೆತ್ತಿ ಚಕ್ರ ಹಿಡಿಯುತ್ತದೆ. ಕೊಂಡಿಯೊಂದು 5 ಮಿ.ಮೀ. ಆಚೀಚೆ ಇದ್ದರೆ ಈಗ ಕಾಯಿಸಿ ಸರಿಸುವುದು ಹತ್ತು ನಿಮಿಷದ ಕೆಲಸ. ಬಣ್ಣ ಬಿದ್ದ ಮೇಲೆ ಆ ಭಾಗವನ್ನೆಲ್ಲ ಕೆರೆದು ಮತ್ತೆ ಬಳಿಯಬೇಕು.

ಬಣ್ಣ ಆಗಿ ಬಂದಮೇಲೆ ಸೀಟಿನ ಕಂಬಕ್ಕೆ ಗ್ರೀಸ್ ಸವರಿಯೇ ಇಳಿಸಿ, ಗ್ರೀಸ್ ಇಲ್ಲದೆ ಇಳಿಸಿದ ಕಂಬ ಎರಡು ಮಳೆಗಾಲದಲ್ಲಿ ಕೊಳವೆಗೆ ಕಚ್ಚಿಕೊಳ್ಳುತ್ತದೆ. ಮೊದಲ 200–300 ಕಿ.ಮೀ. ಓಡಿದಾಗ ಕಡ್ಡಿಗಳು ತಮ್ಮ ಜಾಗದಲ್ಲಿ ಕೂತು ಕೊಂಚ ಸಡಿಲಾಗುತ್ತವೆ. ಆಗ ಎರಡೂ ಚಕ್ರ ಒಯ್ದು ಕಡ್ಡಿ ಬಿಗಿಸಿಕೊಂಡು ಬನ್ನಿ. ಹಿಂದಿನ ಚಕ್ರದ ಕಡ್ಡಿ ಮುರಿಯುವುದು ಬಿಗಿ ಹೆಚ್ಚಾಗಿ ಅಲ್ಲ, ಸಡಿಲವಾದ ಕಡ್ಡಿ ಪ್ರತಿ ಸುತ್ತಿಗೂ ಹಬ್ಬಿನ ಬಳಿಯ ಬಾಗಿನಲ್ಲಿ ಅಲುಗಿ ಅಲುಗಿ ದಣಿಯುವುದರಿಂದ.